ಕಾಲರಾಕ್ಕೆ ಎದುರು ನಿಂತ ಕರುಳಿನ ಹುಳಿ

1971. ಪೂರ್ವ ಪಾಕಿಸ್ತಾನದ ಯುದ್ಧದಿಂದ ತಪ್ಪಿಸಿಕೊಂಡು ಬಂದ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿ ಪ್ರದೇಶದಲ್ಲಿ ತುಂಬಿಕೊಂಡಿದ್ದರು. ಬಂಗಾಂವ್‌ನಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಆಗ ಡಾ. ದಿಲೀಪ್ ಮಹಾಲನಾಬಿಸ್ ಅವರು ಉಪ್ಪು, ಅಡುಗೆ ಸೋಡಾ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇಂದಿನ ಓಆರ್‌ಎಸ್ ಪೊಟ್ಟಣ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ನಿಂತದ್ದು ಹೀಗೆ.

ಆದರೆ ಈ ದ್ರಾವಣಕ್ಕೆ ಒಂದು ಕೊರತೆಯಿತ್ತು. ಅದು ಪ್ರಾಣ ಉಳಿಸುತ್ತಿತ್ತು, ಭೇದಿಯನ್ನು ಕಡಿಮೆ ಮಾಡುತ್ತಿರಲಿಲ್ಲ. ಮಗುವಿಗೆ ಲೋಟಗಟ್ಟಲೆ ಕುಡಿಸಿದರೂ ಬಟ್ಟೆ ಬದಲಿಸುವುದು ತಪ್ಪದಿದ್ದರೆ, ಇದೂ ಒಂದು ಔಷಧವೇ ಎಂದು ತಾಯಿಗೆ ಅನಿಸುವುದು ಸಹಜ.

ಕಾಲರಾ ವಿಷವು ಕರುಳು ಉಪ್ಪನ್ನು ಹೀರುವ ಮಾಮೂಲಿ ದಾರಿಯನ್ನು ಕಟ್ಟಿಹಾಕುತ್ತದೆ. ಗ್ಲೂಕೋಸ್ ಜೊತೆಗೆ ಉಪ್ಪು ಒಳಸೇರುವ ದಾರಿ ಮಾತ್ರ ತೆರೆದೇ ಇರುತ್ತದೆ. ಉಪ್ಪಿನ ಹಿಂದೆಯೇ ನೀರೂ ಸಾಗುತ್ತದೆ. ಇದೆಲ್ಲ ನಡೆಯುವುದು ಸಣ್ಣ ಕರುಳಿನಲ್ಲಿ. ದೊಡ್ಡ ಕರುಳನ್ನು ಬಹುಕಾಲ ಬರಿಯ ಚರಂಡಿಯಂತೆ ನೋಡಲಾಗುತ್ತಿತ್ತು.

ವಾಸ್ತವವಾಗಿ ಅದೊಂದು ಹುಳಿಯಿಡುವ ಪಾತ್ರೆ. ಸಣ್ಣ ಕರುಳಿನಲ್ಲಿ ಜೀರ್ಣವಾಗದ ನಾರು, ಪಿಷ್ಟಗಳನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಹುಳಿಯಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಕಿರು ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಮೊದಲನೆಯದು ವಿನೆಗರ್‌ನ ಹುಳಿ. ಕೊನೆಯದು ಕೆಟ್ಟ ಬೆಣ್ಣೆಯ ವಾಸನೆಯದು, ಹೆಸರೂ ಬೆಣ್ಣೆಯಿಂದಲೇ ಬಂದದ್ದು. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ಮುಖ್ಯವಾಗಿ ಈ ಬ್ಯುಟಿರಿಕ್ ಆಮ್ಲವನ್ನೇ ಉಂಡು ಬದುಕುತ್ತವೆ ಎಂದು ರೋಡಿಗರ್ ಎಂಬ ಶಸ್ತ್ರವೈದ್ಯ 1980ರಲ್ಲಿ ತೋರಿಸಿದರು. ಈ ಆಮ್ಲಗಳು ಒಳಸೇರುವಾಗ ಉಪ್ಪು, ನೀರನ್ನೂ ಜೊತೆಗೆ ಎಳೆದೊಯ್ಯುತ್ತವೆ. ಕಾಲರಾ ವಿಷ ಈ ದಾರಿಯನ್ನೂ ಮುಚ್ಚಲಾರದು.

ತೀವ್ರ ಭೇದಿಯಾದವರ ಮಲದಲ್ಲಿ ಈ ಆಮ್ಲಗಳು ತೀರಾ ಕಡಿಮೆಯಿರುವುದನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1993ರಲ್ಲಿ ವರದಿ ಮಾಡಿದರು. ಹಾಗಾದರೆ ಬ್ಯಾಕ್ಟೀರಿಯಾಗಳಿಗೇ ಊಟ ಹಾಕಿದರೆ?

ಡಾ. ಬಿ.ಎಸ್. ರಾಮಕೃಷ್ಣ ಮತ್ತು ಅಮೆರಿಕದ ಹೆನ್ರಿ ಬೈಂಡರ್ ಮುಂತಾದವರು ಇದನ್ನೇ ಪ್ರಯೋಗಿಸಿದರು. ವೆಲ್ಲೂರಿನ 48 ಕಾಲರಾ ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಮಾಮೂಲಿ ದ್ರಾವಣ, ಇನ್ನೊಂದಕ್ಕೆ ಅಕ್ಕಿಹಿಟ್ಟು ಬೆರೆಸಿದ್ದು, ಮತ್ತೊಂದಕ್ಕೆ ಸಣ್ಣ ಕರುಳಿನಲ್ಲಿ ಕರಗದ ಮೆಕ್ಕೆಜೋಳದ ಪಿಷ್ಟವನ್ನು ಲೀಟರಿಗೆ 50 ಗ್ರಾಮಿನಂತೆ ಬೆರೆಸಿದ್ದನ್ನು ಕೊಟ್ಟರು. 2000ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಾಮೂಲಿ ದ್ರಾವಣ ಕುಡಿದವರ ಭೇದಿ ಸರಾಸರಿ 91 ಗಂಟೆ ಕಾಡಿತು; ಪಿಷ್ಟ ಸೇರಿಸಿಕೊಂಡವರಲ್ಲಿ 57 ಗಂಟೆಗೆ ನಿಂತಿತು. ರೋಗಿಗಳ ಸಂಖ್ಯೆ ಚಿಕ್ಕದು, ವ್ಯತ್ಯಾಸವಂತೂ ಚಿಕ್ಕದಲ್ಲ.

ಕರುಳಿನ ಉರಿಯೂತ, ಬೊಜ್ಜು, ಸಕ್ಕರೆ ಕಾಯಿಲೆಗಳಲ್ಲೂ ಈ ಆಮ್ಲಗಳ ಪಾತ್ರವನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಅಲ್ಲಿ ಬಹಳಷ್ಟು ಪುರಾವೆ ಇಲಿಗಳಿಂದ ಬಂದದ್ದು. ಅದನ್ನು ನೆಚ್ಚಿ ಪುಡಿ, ಮಾತ್ರೆ ಕೊಳ್ಳುವುದು ಆತುರವಾದೀತು.

ಭೇದಿಯ ವಿಷಯದಲ್ಲಿ ಮನುಷ್ಯರ ಮೇಲಿನ ಸಾಕ್ಷ್ಯವೇ ಇದೆ. ವಾರಗಟ್ಟಲೆ ಭೇದಿಯಿಂದ ಬಳಲುತ್ತಿದ್ದ ಬಾಂಗ್ಲಾದೇಶದ ಶಿಶುಗಳಿಗೆ ಅನ್ನದ ಗಂಜಿಯಲ್ಲಿ ಬೇಯಿಸಿದ ಬಾಳೆಕಾಯಿ ಕೊಟ್ಟು ನೋಡಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಬಾಳೆಕಾಯಿಯಲ್ಲೂ ಇರುವುದು ಅದೇ ಬಗೆಯ ಪಿಷ್ಟ. ನಾಲ್ಕನೇ ದಿನಕ್ಕೆ ಬಾಳೆಕಾಯಿ ತಿಂದವರಲ್ಲಿ ಶೇ 82, ಬರೀ ಗಂಜಿ ಕುಡಿದವರಲ್ಲಿ ಶೇ 23 ಮಕ್ಕಳು ಗುಣವಾಗಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್ ಪೊಟ್ಟಣದಲ್ಲಿ ಮಾತ್ರ ಈಗಲೂ ಇರುವುದು ಗ್ಲೂಕೋಸ್ ಮತ್ತು ಲವಣಗಳಷ್ಟೆ.