ಸಂಘದ ದುಡ್ಡು ಕಾಯುವವರು ಯಾರು? ಜರ್ಮನಿಯಿಂದ ಕಣಗಿನಹಾಳದವರೆಗೆ ಬಂದ ಒಂದು ಹಳೇ ಪ್ರಶ್ನೆ

ಪತ್ತಿನ ಸಹಕಾರ ಸಂಘವೊಂದರಲ್ಲಿ ದುಡ್ಡು ಹೋಯಿತು ಎಂಬ ಸುದ್ದಿ ಬಂದಾಗ ಊರಲ್ಲಿ ಎರಡು ಮಾತು ಕೇಳಿಸುತ್ತವೆ. ಒಂದು, 'ತಿಂದವರು ಯಾರು?' ಇನ್ನೊಂದು, 'ನೋಡಬೇಕಾದವರು ಏನು ಮಾಡ್ತಿದ್ರು?' ಮೊದಲನೆಯದಕ್ಕೆ ಪೊಲೀಸರು, ಕೋರ್ಟು ಉತ್ತರ ಹುಡುಕುತ್ತಾರೆ. ಎರಡನೆಯದನ್ನು ಒಂದು ವಾರ ಮಾತಾಡಿ ಎಲ್ಲರೂ ಮರೆಯುತ್ತೇವೆ.

ಮರೆಯುವ ಪ್ರಶ್ನೆ ಅದಲ್ಲ. ಸಾಲ ಕೊಡುವವರು ಬೇರೆ ಇರಬೇಕು, ಕೊಟ್ಟದ್ದನ್ನು ನೋಡುವವರು ಬೇರೆ ಇರಬೇಕು, ನೋಡುವವರು ಸದಸ್ಯರೇ ಆಗಿರಬೇಕು. ಈ ನಿಯಮ ಹಳ್ಳಿಯ ಸಹಕಾರ ಸಂಘದಷ್ಟೇ ಹಳೆಯದು. ನಮ್ಮಲ್ಲಿಗೆ ಬರುವಾಗ ಅದು ಅರ್ಧ ದಾರಿಯಲ್ಲಿ ಉಳಿಯಿತು. ಹೇಗೆ ಉಳಿಯಿತು ಅಂತ ನೋಡೋಣ.

ದನದ ಸಾಲದಿಂದ ಶುರು

ಜರ್ಮನಿಯ ರೈನ್ ನದಿ ಸೀಮೆಯಲ್ಲಿ 1846-47ರ ಚಳಿಗಾಲ ಹಸಿವಿನ ಕಾಲ. ಆಗ ವೇಯರ್‌ಬುಶ್ ಎಂಬಲ್ಲಿ ಮೇಯರ್ ಆಗಿದ್ದವರು ಫ್ರೀಡ್ರಿಕ್ ವಿಲ್‌ಹೆಲ್ಮ್ ರೈಫೈಸನ್. ಉಳ್ಳವರಿಂದ ದುಡ್ಡು ಕೂಡಿಸಿ, ಬಡವರಿಗೆ ಬ್ರೆಡ್ ಸಿಗುವಂತೆ ಒಂದು ಸಂಘ ಕಟ್ಟಿದರು. 1849ರಲ್ಲಿ ಫ್ಲಾಮರ್ಸ್‌ಫೆಲ್ಡ್‌ನಲ್ಲಿ ಇನ್ನೊಂದು ಸಂಘ ಮಾಡಿದರು. ಅಲ್ಲಿ ರೈತರನ್ನು ಹಿಂಡುತ್ತಿದ್ದದ್ದು ದನದ ಮೇಲಿನ ಬಡ್ಡಿ ಸಾಲ. ಸಂಘವೇ ದನ ಕೊಂಡು ರೈತರಿಗೆ ಕೊಟ್ಟು, ಕಂತಿನಲ್ಲಿ ದುಡ್ಡು ವಾಪಸ್ ಪಡೆಯಿತು.

ಆದರೆ ಈ ಸಂಘಗಳು ನಿಂತಿದ್ದು ಉಳ್ಳವರ ದಯೆಯ ಮೇಲೆ. ಕೆಲವು ವರ್ಷಗಳಲ್ಲಿ ಅವರ ಉತ್ಸಾಹ ಇಳಿಯಿತು. ದಾನದಿಂದ ಸಂಘ ನಡೆಯದು ಅಂತ ರೈಫೈಸನ್ ಅವರಿಗೆ ಅರ್ಥವಾಯಿತು. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ದಾರಿ ಬದಲಿಸಿದರು: ಸಾಲ ಬೇಕಾದವರೇ ಸದಸ್ಯರಾಗಬೇಕು, ಸಂಘದ ಹೊಣೆಯನ್ನೂ ಅವರೇ ಹೊರಬೇಕು.

ಆ ಸಂಘಗಳ ಕಟ್ಟುಪಾಡುಗಳಲ್ಲಿ ನಾಲ್ಕನ್ನು ಇಲ್ಲಿ ಹೇಳಲೇಬೇಕು.

ಒಂದು, ಸಂಘದ ವ್ಯಾಪ್ತಿ ಚಿಕ್ಕದು. ಒಬ್ಬರ ಮನೆ, ಹೊಲ, ನಡತೆ ಇನ್ನೊಬ್ಬರಿಗೆ ಗೊತ್ತಿರುವಷ್ಟೇ ದೊಡ್ಡದು.

ಎರಡು, ಲೆಕ್ಕ ಬರೆಯುವವರನ್ನು ಬಿಟ್ಟರೆ ಪದಾಧಿಕಾರಿಗಳಿಗೆ ಸಂಬಳವಿಲ್ಲ.

ಮೂರು, ಹೊಣೆಗೆ ಮಿತಿಯಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನ ಆಸ್ತಿಯೂ ಸಾಲಕ್ಕೆ ಗುರಿ.

ನಾಲ್ಕು, ಮಂಡಳಿಗಳು ಎರಡು. ಒಂದು ಆಡಳಿತ ನಡೆಸುವುದು, ಸಾಲ ಕೊಡುವುದು. ಇನ್ನೊಂದು ಮೇಲ್ವಿಚಾರಣೆಯದು. ಕೊಟ್ಟ ಸಾಲ ಸರಿಯೇ, ಜಾಮೀನು ಗಟ್ಟಿಯೇ, ಪೆಟ್ಟಿಗೆಯಲ್ಲಿ ದುಡ್ಡು ಇದೆಯೇ ಎಂದು ನೋಡುವುದು ಅದರ ಕೆಲಸ. ಎರಡರಲ್ಲೂ ಇರುವವರು ಸದಸ್ಯರೇ.

ಮೂರನೆಯ ಮತ್ತು ನಾಲ್ಕನೆಯ ನಿಯಮಗಳಿಗೆ ನಂಟಿದೆ. ಪಕ್ಕದ ಮನೆಯವನು ಸಾಲ ತೀರಿಸದಿದ್ದರೆ ನನ್ನ ಹೊಲಕ್ಕೆ ಕುತ್ತು ಅಂದಾಗ ಯಾರೂ ಸುಮ್ಮನೆ ಕೂರುವುದಿಲ್ಲ. ಕಾವಲು ಹುಟ್ಟಿದ್ದು ಈ ಭಯದಿಂದ.

1888ರಲ್ಲಿ ರೈಫೈಸನ್ ತೀರಿಕೊಂಡರು. ಮರುವರ್ಷ, 1889ರಲ್ಲಿ, ಜರ್ಮನಿ ಸಹಕಾರ ಕಾಯ್ದೆ ತಂದಿತು. ಮೇಲ್ವಿಚಾರಣಾ ಮಂಡಳಿ ಕಡ್ಡಾಯವಾಯಿತು. ಅದರ ಮೇಲೆ ಎರಡು ವರ್ಷಕ್ಕೊಮ್ಮೆ ಹೊರಗಿನವರಿಂದ ತಪಾಸಣೆಯೂ ಕಡ್ಡಾಯವಾಯಿತು. ಒಳಗಿನ ಕಣ್ಣು, ಹೊರಗಿನ ಕಣ್ಣು ಎರಡೂ ಬೇಕು ಎಂಬುದು ಅಲ್ಲಿಗೆ ಕಾನೂನಾಯಿತು.

ಕಣಗಿನಹಾಳಕ್ಕೆ ಬಂದದ್ದು ಹೇಗೆ?

ಅದೇ ಕಾಲದಲ್ಲಿ ನಮ್ಮ ದಖ್ಖನ್ ರೈತರು ಸಾಹುಕಾರರ ಸಾಲದಲ್ಲಿ ಮುಳುಗಿದ್ದರು. 1875ರಲ್ಲಿ ಪುಣೆ, ಅಹ್ಮದ್‌ನಗರ ಸೀಮೆಯ ರೈತರು ದಂಗೆ ಎದ್ದು ಸಾಲಪತ್ರಗಳನ್ನೇ ಸುಟ್ಟಿದ್ದರು. 1892ರಲ್ಲಿ ಮದ್ರಾಸ್ ಸರ್ಕಾರ ಫ್ರೆಡರಿಕ್ ನಿಕೋಲ್ಸನ್ ಎಂಬ ಅಧಿಕಾರಿಗೆ ಈ ಸಮಸ್ಯೆಗೆ ದಾರಿ ಹುಡುಕಲು ಹೇಳಿತು. ಯುರೋಪಿನ ಸಂಘಗಳನ್ನು ಅಧ್ಯಯನ ಮಾಡಿ ಅವರು 1895 ಮತ್ತು 1897ರಲ್ಲಿ ವರದಿ ಕೊಟ್ಟರು. ಅದರ ಸಾರ: ರೈಫೈಸನ್ ಅವರಂಥ ಸಂಘಗಳೇ ನಮಗೆ ಬೇಕು, ಅಂಥ ಮನುಷ್ಯರೇ ಬೇಕು.

1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಂಘ ಶುರುವಾಯಿತು. ಈಗ ಅದು ಗದಗ ಜಿಲ್ಲೆ. ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಕರ್ನಾಟಕದ ಸಹಕಾರ ಚಳವಳಿಯ ಪಿತಾಮಹ ಅಂತ ಪಾಟೀಲರನ್ನು ಇಂದಿಗೂ ನೆನೆಯುತ್ತೇವೆ. ಮೈಸೂರು ಸಂಸ್ಥಾನವೂ ಅದೇ 1905ರಲ್ಲಿ ತನ್ನದೇ ಸಹಕಾರ ಕಾನೂನು ತಂದಿತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಪುತ್ತೂರಿನ ಮೊಳಹಳ್ಳಿ ಶಿವರಾಯರು ಈ ಕೆಲಸ ಹಚ್ಚಿಕೊಂಡರು.

1904ರ ಕಾಯ್ದೆ ರೈಫೈಸನ್ ಪದ್ಧತಿಯಿಂದ ಬಹಳಷ್ಟನ್ನು ತಂದಿತು. ಅಕ್ಕಪಕ್ಕದವರ ಸಂಘ, ಹಳ್ಳಿ ಸಂಘಕ್ಕೆ ಮಿತಿಯಿಲ್ಲದ ಹೊಣೆ, ಎರಡೂ ಬಂದವು. ಆದರೆ ಸದಸ್ಯರದೇ ಎರಡನೇ ಮಂಡಳಿಯನ್ನು ಅದು ಕಡ್ಡಾಯ ಮಾಡಲಿಲ್ಲ. ಅದರ ಜಾಗಕ್ಕೆ ಬಂದವರು ರಿಜಿಸ್ಟ್ರಾರ್. ಸಂಘ ನೋಂದಾಯಿಸುವುದು, ವರ್ಷಕ್ಕೊಮ್ಮೆ ಲೆಕ್ಕ ನೋಡಿಸುವುದು, ವಿಚಾರಣೆ ಮಾಡುವುದು, ಕೊನೆಗೆ ಸಂಘ ಮುಚ್ಚಿಸುವುದು ಎಲ್ಲವೂ ಅವರ ಕೈಗೆ ಹೋಯಿತು.

ಅಂದಿನ ಸರ್ಕಾರಕ್ಕೆ ಕಾರಣವಿತ್ತು. ಹಳ್ಳಿಗಳಲ್ಲಿ ಓದು ಬರಹ ಬಲ್ಲವರು ಕಡಿಮೆ, ಲೆಕ್ಕ ನೋಡಬಲ್ಲವರು ಇನ್ನೂ ಕಡಿಮೆ. ಆದರೆ ಪರಿಣಾಮ ಏನಾಯಿತು? ಕಾವಲು ಊರಿನಿಂದ ಆಫೀಸಿಗೆ ಹೋಯಿತು. ಲೆಕ್ಕ ನೋಡುವುದು ಸಾಹೇಬರ ಕೆಲಸ ಎಂಬ ಭಾವನೆ ಬೇರೂರಿತು. 1914-15ರಲ್ಲಿ ಕೂತ ಮ್ಯಾಕ್ಲಗನ್ ಸಮಿತಿ ಸದಸ್ಯರಿಗೆ ಸಹಕಾರದ ತಿಳಿವಳಿಕೆ ಬರಬೇಕು, ತಪಾಸಣೆ ಬಿಗಿಯಾಗಬೇಕು ಅಂತ ಒತ್ತಿ ಹೇಳಿತು. ಆದರೆ ಮುಂದೆಯೂ ಹೆಚ್ಚಿದ್ದು ಹೊರಗಿನಿಂದ ಬರುವ ತಪಾಸಣೆಯೇ. ಇಂದು ಡಿಸಿಸಿ ಬ್ಯಾಂಕಿನಿಂದ ಸಂಘಕ್ಕೆ ಬರುವ ಸೂಪರ್‌ವೈಸರ್ ಕೂಡ ಹೊರಗಿನ ಕಣ್ಣೇ.

ಇಲ್ಲಿ ನೋಡಿ ಅಲ್ಲಿ ಕಟ್ಟಿದರು

1907ರಲ್ಲಿ ಎಡ್ವರ್ಡ್ ಫೈಲೀನ್ ಎಂಬ ಅಮೆರಿಕದ ವ್ಯಾಪಾರಿ ಭಾರತಕ್ಕೆ ಬಂದಿದ್ದರು. ಇಲ್ಲಿನ ಹಳ್ಳಿ ಪತ್ತಿನ ಸಂಘಗಳನ್ನು ಕಂಡು ಬೆರಗಾದರು. ತಮ್ಮ ದೇಶದಲ್ಲೂ ಇಂಥವು ಬೇಕು ಅಂತ ಹಟ ಹಿಡಿದರು. 1909ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಅದಕ್ಕೆ ಕಾಯ್ದೆ ಮಾಡಿತು. ಅಮೆರಿಕದಲ್ಲಿ ಇವುಗಳ ಹೆಸರು ಕ್ರೆಡಿಟ್ ಯೂನಿಯನ್.

ಆಡಳಿತದ ಮಾದರಿ ಮಾತ್ರ ಪಕ್ಕದ ಕೆನಡಾದ್ದು. ಅಲ್ಲಿನ ಲೆವಿ ಪಟ್ಟಣದಲ್ಲಿ ಆಲ್ಫೋನ್ಸ್ ದೆಜಾರ್ದಾನ್ 1900ರಲ್ಲಿ ಇಂಥ ಸಂಘ ಕಟ್ಟಿದ್ದರು. ಅವರು ಕೆಲಸವನ್ನು ಮೂರು ಪಾಲು ಮಾಡಿದರು. ಆಡಳಿತಕ್ಕೆ ಒಂದು ಮಂಡಳಿ, ಸಾಲ ಮಂಜೂರಿಗೆ ಒಂದು ಸಮಿತಿ, ಇವೆರಡನ್ನೂ ನೋಡಲು ಮೇಲ್ವಿಚಾರಣಾ ಸಮಿತಿ. ಸಾಲ ಮಂಜೂರು ಮಾಡುವವರು ಮತ್ತು ಮೇಲ್ವಿಚಾರಕರು ತಾವೇ ಸಂಘದಿಂದ ಸಾಲ ಪಡೆಯುವಂತಿರಲಿಲ್ಲ.

1934ರಲ್ಲಿ ಅಮೆರಿಕ ಇಡೀ ದೇಶಕ್ಕೆ ಕ್ರೆಡಿಟ್ ಯೂನಿಯನ್ ಕಾಯ್ದೆ ತಂದಾಗ ಮೇಲ್ವಿಚಾರಣಾ ಸಮಿತಿಗೆ ಹಲ್ಲು ಕೊಟ್ಟಿತು. ಲೆಕ್ಕ ನೋಡಿ ಸದಸ್ಯರ ಸಭೆಗೆ ವರದಿ ಕೊಡುವುದು ಅದರ ಕೆಲಸ. ಸದಸ್ಯರ ಪಾಸ್‌ಬುಕ್‌ಗಳನ್ನು ಸಂಘದ ಲೆಜರ್ ಜೊತೆ ತಾಳೆ ನೋಡಿಸುವುದೂ ಅದರದೇ ಜವಾಬ್ದಾರಿ. ತಪ್ಪು ಕಂಡರೆ ಸಮಿತಿಯವರು ಒಮ್ಮತದಿಂದ ಪದಾಧಿಕಾರಿಯನ್ನೇ ಅಮಾನತು ಮಾಡಿ, ಬೇಗನೆ ಸದಸ್ಯರ ಸಭೆ ಕರೆದು ಅವರ ಮುಂದೆ ವಿಷಯ ಇಡಬಹುದು.

ಭಾರತದ ಹಳ್ಳಿಯಲ್ಲಿ ಪ್ರೇರಣೆ ಪಡೆದವರು ಸದಸ್ಯರ ಕಾವಲನ್ನು ಕಾನೂನಿನಲ್ಲೇ ಇಟ್ಟುಕೊಂಡರು. ನಾವು ಅದನ್ನು ಇಲಾಖೆಗೆ ಬಿಟ್ಟುಕೊಟ್ಟೆವು.

'ನಿಯಮಿತ' ಅಂದರೆ ಏನು?

ಸ್ವಾತಂತ್ರ್ಯ ಬಂದ ಮೇಲೆ ರಿಸರ್ವ್ ಬ್ಯಾಂಕ್ ಹಳ್ಳಿ ಸಾಲದ ದೊಡ್ಡ ಸಮೀಕ್ಷೆ ಮಾಡಿಸಿತು. 1954ರಲ್ಲಿ ವರದಿ ಹೊರಬಂತು. 1951-52ರಲ್ಲಿ ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಬರೀ ಶೇ 3.1. ಐವತ್ತು ವರ್ಷದ ಚಳವಳಿಗೆ ಇದು ಕಹಿ ಲೆಕ್ಕ. ಸಂಘಗಳು ದೊಡ್ಡವಾಗಬೇಕು, ಸರ್ಕಾರ ಷೇರು ಹಾಕಬೇಕು, ಸದಸ್ಯರ ಹೊಣೆಗೆ ಮಿತಿ ಇರಬೇಕು ಎಂದು ವರದಿ ಹೇಳಿತು.

ನಿಮ್ಮ ಸಂಘದ ಬೋರ್ಡಿನ ಕೊನೆಗೆ 'ನಿಯಮಿತ' ಅಥವಾ 'ನಿ.' ಅಂತ ಇರುತ್ತದಲ್ಲ, ಅದು ಈ ಮಿತಿಯೇ. ಸಂಘ ಮುಳುಗಿದರೂ ಸದಸ್ಯನಾಗಿ ನಿಮ್ಮ ಹೊಣೆ ಷೇರಿನ ಮಟ್ಟಿಗೆ. ಹೊಲ ಹೋಗುವುದಿಲ್ಲ. ಇದು ಒಳ್ಳೆಯದೇ. ಬಡವರ ಹೊಲ ಇನ್ನೊಬ್ಬರ ತಪ್ಪಿಗೆ ಹೋಗಬಾರದು. ಆದರೆ ಭಯದ ಜೊತೆ ಕಾವಲೂ ಸಡಿಲವಾಯಿತು.

ಇಲ್ಲಿ ಒಂದು ವಿಷಯ ಹಲವರಿಗೆ ಗೊತ್ತಿಲ್ಲ. ಷೇರಿನ ಆಚೆಗೆ ಹೊಣೆ ಇಲ್ಲ ನಿಜ. ನೀವು ಇಟ್ಟ ಠೇವಣಿ? ಬ್ಯಾಂಕ್ ಮುಳುಗಿದರೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಡಿಸಿಸಿ ಬ್ಯಾಂಕ್, ಪಟ್ಟಣ ಸಹಕಾರ ಬ್ಯಾಂಕುಗಳೂ ಅದರಲ್ಲಿ ಬರುತ್ತವೆ. ಊರಿನ ಪ್ರಾಥಮಿಕ ಪತ್ತಿನ ಸಂಘ ಬರುವುದಿಲ್ಲ. ಮಗಳ ಮದುವೆಗೆ ಅಂತ ಸಂಘದಲ್ಲಿ ಇಟ್ಟ ದುಡ್ಡಿಗೆ ಸಂಘದ ಪ್ರಾಮಾಣಿಕತೆಯೇ ವಿಮೆ.

ಆಡಿಟರ್ ಇದ್ದಾರಲ್ಲ ಅಂತ ನೀವು ಕೇಳಬಹುದು. ಇದ್ದಾರೆ, ಇರಲೇಬೇಕು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 63ನೇ ಕಲಂ ಪ್ರಕಾರ ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆ ಆಗಲೇಬೇಕು. 64ನೇ ಕಲಂ ವಿಚಾರಣೆಗೆ, 65ನೇ ಕಲಂ ಪರಿವೀಕ್ಷಣೆಗೆ ದಾರಿ ಕೊಡುತ್ತದೆ. ಆದರೆ ಆಡಿಟರ್ ಮುಂದೆ ಇರುವುದು ಕಾಗದ. ಅರ್ಜಿ ಇದೆ, ಸಹಿ ಇದೆ, ಪಹಣಿ ಇದೆ ಅಂದರೆ ಅವರ ಮಟ್ಟಿಗೆ ಸಾಲ ಸರಿ. ಆ ಹೆಸರಿನ ಮನುಷ್ಯ ಊರು ಬಿಟ್ಟು ಹತ್ತು ವರ್ಷವಾಯಿತು, ಸಾಲದ ದುಡ್ಡು ಹೋದದ್ದು ಇನ್ನೊಬ್ಬರ ಮನೆಗೆ ಎಂಬುದು ಗೊತ್ತಿರುವುದು ಪಕ್ಕದ ಮನೆಯವರಿಗೆ. ಹಳ್ಳಿಯವರ ಈ ತಿಳಿವಳಿಕೆಯನ್ನೇ ಬಂಡವಾಳ ಮಾಡಿಕೊಂಡು ರೈಫೈಸನ್ ಸಂಘ ಕಟ್ಟಿದ್ದು. ಅದು ಆಡಿಟ್ ವರದಿಯಲ್ಲಿ ಸಿಗುವುದಿಲ್ಲ, ಸಭೆಯಲ್ಲಿ ಬಾಯಿ ಬಿಟ್ಟರೆ ಮಾತ್ರ ಸಿಗುತ್ತದೆ.

ಸಭೆಯಲ್ಲಿ ಏನು ಕೇಳಬೇಕು?

ನಮ್ಮಲ್ಲಿ ಎರಡನೇ ಮಂಡಳಿಯ ಕೆಲಸ ಮಾಡಬಲ್ಲದ್ದು ಒಂದೇ, ವಾರ್ಷಿಕ ಮಹಾಸಭೆ. ಸೆಪ್ಟೆಂಬರ್ ಒಳಗೆ ಅದು ನಡೆಯಬೇಕು. 2013ರ ತಿದ್ದುಪಡಿ ಬಂದ ಮೇಲೆ ಲೆಕ್ಕ ಪರಿಶೋಧಕರನ್ನು ಪಟ್ಟಿಯಿಂದ ಆರಿಸುವ ಅಧಿಕಾರವೂ ಸಭೆಗೆ ಬಂದಿದೆ. ಜಿಲ್ಲೆ ಸುತ್ತಿ ವರದಿ ಮಾಡುವ ನಾವು ಕಂಡಂತೆ, ಎಷ್ಟೋ ಕಡೆ ಈ ವಿಷಯ ಓದಿ ಮುಗಿಸುವುದರೊಳಗೆ 'ಒಪ್ಪಿಗೆ, ಒಪ್ಪಿಗೆ' ಅನ್ನುವ ಕೂಗು ಎದ್ದಿರುತ್ತದೆ.

ಈ ಸಲ ಒಪ್ಪಿಗೆ ಹೇಳುವ ಮೊದಲು ಇಷ್ಟು ಕೇಳಿ:

– ಆಡಿಟ್ ವರ್ಗ ಯಾವುದು? ಹೋದ ವರ್ಷ ಯಾವುದಿತ್ತು?
– ಆಡಿಟರ್ ಎತ್ತಿದ ಆಕ್ಷೇಪಣೆಗಳು ಯಾವುವು? ಆಡಳಿತ ಮಂಡಳಿ ಏನು ಉತ್ತರ ಕೊಟ್ಟಿದೆ?
– ಸುಸ್ತಿ ಸಾಲ ಎಷ್ಟು? ನಿರ್ದೇಶಕರ ಮತ್ತು ಅವರ ಮನೆಯವರ ಹೆಸರಲ್ಲಿ ಎಷ್ಟಿದೆ?
– ಅಡವಿಟ್ಟ ಚಿನ್ನವನ್ನು ಕೊನೆಯ ಸಲ ಎಣಿಸಿ, ತೂಗಿ ನೋಡಿದ್ದು ಯಾವಾಗ? ಯಾರ ಎದುರು?
– ಸದಸ್ಯರ ಪಾಸ್‌ಬುಕ್‌ಗಳನ್ನು ಲೆಜರ್ ಜೊತೆ ತಾಳೆ ನೋಡಿದ್ದಾರೆಯೇ?

ಕೇಳಿದ್ದು, ಬಂದ ಉತ್ತರ ಎರಡೂ ನಡಾವಳಿ ಪುಸ್ತಕದಲ್ಲಿ ಬರೆಯಲು ಹೇಳಿ. ಇದು ಯಾರ ಮೇಲೂ ಅನುಮಾನವಲ್ಲ. ಪ್ರಾಮಾಣಿಕ ಸಿಇಒಗೆ, ನಿಯತ್ತಿನ ಅಧ್ಯಕ್ಷರಿಗೆ ಇಂಥ ಪ್ರಶ್ನೆಗಳಿಂದ ಬಲವೇ ಬರುತ್ತದೆ. ಒತ್ತಡ ಹಾಕಿ ಸಾಲ ಕೇಳುವ ದೊಡ್ಡವರಿಗೆ 'ಸಭೆಯಲ್ಲಿ ಕೇಳ್ತಾರೆ ಸ್ವಾಮಿ, ಆಗಲ್ಲ' ಅನ್ನಲು ಅವರಿಗೂ ಒಂದು ಆಸರೆ ಬೇಕು.

ಮಹಾಸಭೆಯ ನೋಟಿಸು, ವರದಿ ಪುಸ್ತಕ ಮನೆಗೆ ಬಂದರೆ ಎತ್ತಿಡಬೇಡಿ. ಬಾರದಿದ್ದರೆ ಸಂಘಕ್ಕೆ ಹೋಗಿ ಕೇಳಿ ಪಡೆಯಿರಿ. ಓದಲು ಕಷ್ಟವಾದರೆ ಮನೆಯ ಓದುವ ಮಕ್ಕಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಸಭೆಯ ಊಟಕ್ಕೆ ಕೂರುವ ಮೊದಲು ಒಂದು ಪ್ರಶ್ನೆಯನ್ನಾದರೂ ಕೇಳಿ.