ಕೊಕ್ಕೆಹುಳು ಸೋಂಕು

ಕೊಕ್ಕೆಹುಳು ಸೋಂಕು ಮನುಷ್ಯನ ಸಣ್ಣ ಕರುಳಿನಲ್ಲಿ ನೆಲೆಸಿ ರಕ್ತ ಹೀರುವ ದುಂಡುಹುಳುಗಳಿಂದ ಬರುವ ಪರೋಪಜೀವಿ ರೋಗವಾಗಿದೆ. ನೆಕೇಟರ್ ಅಮೆರಿಕಾನಸ್ ಮತ್ತು ಆಂಕೈಲೋಸ್ಟೋಮಾ ಡುವೊಡಿನೇಲ್ ಎಂಬವು ಇದಕ್ಕೆ ಕಾರಣವಾಗುವ ಎರಡು ಮುಖ್ಯ ಪ್ರಭೇದಗಳು. ದಕ್ಷಿಣ ಭಾರತದಲ್ಲಿ ಮೊದಲನೆಯದು ಹೆಚ್ಚಾಗಿ ಕಂಡುಬರುತ್ತದೆ. ಹುಳುವಿನ ತಲೆಯ ಭಾಗ ಕೊಕ್ಕೆಯಂತೆ ಬಾಗಿರುವುದರಿಂದ ಈ ಹೆಸರು ಬಂದಿದೆ. ಈ ಹುಳು ಸಾಮಾನ್ಯವಾಗಿ ಪಾದದ ಚರ್ಮದ ಮೂಲಕ ದೇಹವನ್ನು ಸೇರುತ್ತದೆ. ಅದು ಕರುಳಿನಲ್ಲಿ ವಾಸಿಸಿದರೂ ಅದರಿಂದಾಗುವ ಮುಖ್ಯ ಹಾನಿ ರಕ್ತಹೀನತೆ. ಇದರಿಂದಾಗಿ ಹೊಟ್ಟೆಯ ತೊಂದರೆ ಇಲ್ಲದವರಲ್ಲಿಯೂ ಸೋಂಕು ದೀರ್ಘಕಾಲ ಗಮನಕ್ಕೆ ಬಾರದೆ ಉಳಿಯಬಹುದು.

ಜೀವನಚಕ್ರ

ಬೆಳೆದ ಹುಳು ಸುಮಾರು 1 ಸೆಂ.ಮೀ. ಉದ್ದವಿರುತ್ತದೆ. ಹೆಣ್ಣುಹುಳು ದಿನಕ್ಕೆ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಇವು ಮಲದೊಂದಿಗೆ ಹೊರಬಂದು, ತೇವ ಮತ್ತು ನೆರಳಿರುವ ಬೆಚ್ಚಗಿನ ಮಣ್ಣಿನಲ್ಲಿ ಒಂದೆರಡು ದಿನಗಳಲ್ಲಿ ಒಡೆಯುತ್ತವೆ. ಹೊರಬಂದ ಮರಿಗಳು 5ರಿಂದ 10 ದಿನಗಳಲ್ಲಿ ಸೋಂಕು ಹರಡಬಲ್ಲ ಹಂತವನ್ನು ತಲುಪುತ್ತವೆ. ಅನುಕೂಲಕರ ಮಣ್ಣಿನಲ್ಲಿ ಅವು 3ರಿಂದ 4 ವಾರ ಬದುಕಿರಬಲ್ಲವು. ಬಿಸಿಲಿಗೆ ಒಣಗಿದ ನೆಲದಲ್ಲಿ ಬೇಗ ಸಾಯುತ್ತವೆ.

ಬರಿಗಾಲು ಮಣ್ಣಿಗೆ ತಾಗಿದಾಗ ಮರಿಗಳು ಚರ್ಮವನ್ನು ಕೊರೆದು ರಕ್ತನಾಳಗಳನ್ನು ಸೇರುತ್ತವೆ. ಅಲ್ಲಿಂದ ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗಿ, ಶ್ವಾಸನಾಳವನ್ನೇರಿ ಗಂಟಲನ್ನು ತಲುಪುತ್ತವೆ. ನುಂಗಿದಾಗ ಸಣ್ಣ ಕರುಳಿಗೆ ಇಳಿದು, ಅದರ ಒಳಪೊರೆಯನ್ನು ಕಚ್ಚಿಕೊಂಡು ಬೆಳೆಯುತ್ತವೆ. ಹೆಚ್ಚಿನ ಹುಳುಗಳು ಒಂದೆರಡು ವರ್ಷ ಬದುಕುತ್ತವೆ. ಆಂಕೈಲೋಸ್ಟೋಮಾ ಪ್ರಭೇದವು ಮಣ್ಣು ಮೆತ್ತಿದ ಆಹಾರದ ಮೂಲಕವೂ ದೇಹವನ್ನು ಸೇರಬಲ್ಲದು. ಮೊಟ್ಟೆಗಳು ಮಣ್ಣಿನಲ್ಲಿ ಬೆಳೆಯಲೇಬೇಕಾಗಿರುವುದರಿಂದ ರೋಗಿಯನ್ನು ಮುಟ್ಟುವುದರಿಂದ ಈ ಸೋಂಕು ಹರಡುವುದಿಲ್ಲ.

ಲಕ್ಷಣಗಳು ಮತ್ತು ಪರಿಣಾಮಗಳು

ಮರಿಗಳು ಒಳಹೊಕ್ಕ ಜಾಗದಲ್ಲಿ, ಹೆಚ್ಚಾಗಿ ಕಾಲ್ಬೆರಳುಗಳ ಸಂದಿಯಲ್ಲಿ, ತುರಿಕೆ ಮತ್ತು ಸಣ್ಣ ಗುಳ್ಳೆಗಳು ಕಾಣಿಸಿಕೊಳ್ಳುತ್ತವೆ. ಮಳೆಗಾಲದಲ್ಲಿ ಕಾಲು ಸದಾ ಒದ್ದೆಯಾಗಿರುವುದರಿಂದ ಬರುವ ಕೆಸರುಹುಣ್ಣು ಇದಕ್ಕಿಂತ ಬೇರೆಯಾದುದು. ಹುಳುಗಳು ಕರುಳನ್ನು ಸೇರಿದ ಮೇಲೆ ಹೊಟ್ಟೆನೋವು, ವಾಕರಿಕೆ, ಭೇದಿ ಅಥವಾ ಹಸಿವಿಲ್ಲದಿರುವಿಕೆ ಉಂಟಾಗಬಹುದು. ಹುಳುಗಳ ಸಂಖ್ಯೆ ಕಡಿಮೆಯಿದ್ದರೆ ಯಾವ ಲಕ್ಷಣವೂ ಇರದಿರಬಹುದು.

ನೆಕೇಟರ್ ಜಾತಿಯ ಒಂದು ಹುಳುವಿನಿಂದ ದಿನಕ್ಕೆ ಸುಮಾರು 0.03 ಮಿ.ಲೀ. ರಕ್ತ ನಷ್ಟವಾಗುತ್ತದೆ. ಆಂಕೈಲೋಸ್ಟೋಮಾದಿಂದಾಗುವ ನಷ್ಟ ಇದರ ಹಲವು ಪಟ್ಟು. ನೆಕೇಟರ್‌ನ 100 ಹುಳುಗಳಿದ್ದರೆ ದಿನಕ್ಕೆ ಸುಮಾರು 3 ಮಿ.ಲೀ. ರಕ್ತ, ಅದರೊಂದಿಗೆ ಸುಮಾರು 1.5 ಮಿ.ಗ್ರಾಂ. ಕಬ್ಬಿಣಾಂಶ ಕರುಳಿಗೆ ಸೋರುತ್ತದೆ. ಆರೋಗ್ಯವಂತ ದೇಹವು ಆಹಾರದಿಂದ ದಿನವೊಂದಕ್ಕೆ ಹೀರಿಕೊಳ್ಳುವ ಕಬ್ಬಿಣಾಂಶವೇ 1ರಿಂದ 2 ಮಿ.ಗ್ರಾಂ. ಸೋರಿದ್ದರಲ್ಲಿ ಒಂದು ಭಾಗ ಮರಳಿ ಹೀರಲ್ಪಟ್ಟರೂ, ನಷ್ಟ ತಿಂಗಳುಗಟ್ಟಲೆ ಮುಂದುವರಿದಾಗ ರಕ್ತಹೀನತೆ ಉಂಟಾಗುತ್ತದೆ. ಆಯಾಸ, ಏದುಸಿರು, ಬಿಳಿಚಿದ ಕಣ್ಣು ಮತ್ತು ಉಗುರು, ಕೆಲವರಲ್ಲಿ ಮಣ್ಣು ತಿನ್ನುವ ಬಯಕೆ ಇದರ ಚಿಹ್ನೆಗಳು. ತೀವ್ರ ಸೋಂಕಿನಲ್ಲಿ ಪ್ರೋಟೀನ್ ಕೊರತೆಯಿಂದ ಕೈಕಾಲು ಊದಿಕೊಳ್ಳಬಹುದು. ಮಕ್ಕಳು ಮತ್ತು ಗರ್ಭಿಣಿಯರು ಹೆಚ್ಚು ಅಪಾಯಕ್ಕೆ ಒಳಗಾಗುತ್ತಾರೆ.

ಮಲೆನಾಡಿನ ತೋಟಗಳು

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ಅಡಿಕೆ ತೋಟಗಳು ಹೆಚ್ಚಾಗಿ ಕಣಿವೆಗಳ ತಗ್ಗಿನಲ್ಲಿವೆ. ಯಲ್ಲಾಪುರ ತಾಲ್ಲೂಕಿನ ಇಡಗುಂದಿ ಈ ಪ್ರದೇಶದ ಒಂದು ಗ್ರಾಮ. ಭಾರೀ ಮಳೆ, ಅಡಿಕೆ, ಬಾಳೆ ಮತ್ತು ಮೆಣಸಿನ ಬಳ್ಳಿಗಳ ದಟ್ಟ ನೆರಳು, ಸೊಪ್ಪಿನ ಬೆಟ್ಟದಿಂದ ತಂದು ಹರಡುವ ಸೊಪ್ಪು ಮತ್ತು ದರಕು ತೋಟದ ಮಣ್ಣಿನ ತೇವವನ್ನು ಕಾಯ್ದುಕೊಳ್ಳುತ್ತವೆ. ಬೆಳೆಗೆ ಹಿತವಾದ ಈ ಸ್ಥಿತಿಯೇ ಕೊಕ್ಕೆಹುಳುವಿನ ಮರಿಗಳಿಗೂ ಅನುಕೂಲಕರವಾದುದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸ ಮಳೆಗಾಲದಲ್ಲಿಯೇ ನಡೆಯುತ್ತದೆ. ಮರವೇರುವವರು ಬರಿಗಾಲಿನಲ್ಲಿರುವುದು ವಾಡಿಕೆ.

ಆದರೆ ತೇವದ ಮಣ್ಣಾಗಲಿ, ಕೊಟ್ಟಿಗೆಗೊಬ್ಬರವಾಗಲಿ ತಾನಾಗಿಯೇ ಈ ರೋಗವನ್ನು ತರುವುದಿಲ್ಲ. ಈ ಎರಡು ಪ್ರಭೇದಗಳ ಸೋಂಕು ಮಣ್ಣನ್ನು ಸೇರುವುದು ಮನುಷ್ಯರ ಮಲದಿಂದ. ಆದ್ದರಿಂದ ಮನೆಯಲ್ಲಿ ಶೌಚಾಲಯವಿದ್ದರಷ್ಟೇ ಸಾಲದು. ದಿನವಿಡೀ ತೋಟದಲ್ಲಿ ದುಡಿಯುವವರಿಗೆ ಕೆಲಸದ ಜಾಗಕ್ಕೆ ಹತ್ತಿರದಲ್ಲಿಯೂ ಶೌಚಾಲಯದ ಅನುಕೂಲವಿರಬೇಕಾಗುತ್ತದೆ.

ಇತರ ಕರುಳು ಸೋಂಕುಗಳಿಂದ ವ್ಯತ್ಯಾಸ

ಜಿಯಾರ್ಡಿಯಾ ಮತ್ತು ಅಮೀಬಾ ಸೋಂಕುಗಳು ಮುಖ್ಯವಾಗಿ ಕಲುಷಿತ ನೀರು ಮತ್ತು ಆಹಾರದಿಂದ ಬರುತ್ತವೆ. ನೀರನ್ನು ಕುದಿಸಿ ಕುಡಿಯುವುದರಿಂದ ಅವನ್ನು ತಡೆಯಬಹುದಾದರೂ, ಪಾದದ ಮೂಲಕ ಬರುವ ಕೊಕ್ಕೆಹುಳುವನ್ನು ತಡೆಯಲಾಗದು. ಕ್ಯಾಂಡಿಡಾ ಎಂಬ ಯೀಸ್ಟ್ ಆರೋಗ್ಯವಂತರ ಕರುಳಿನಲ್ಲಿಯೂ ಇರುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದು ತೀವ್ರ ಕಾಯಿಲೆ ತರಬಹುದು. ಬೆಲ್ಲ ಅಥವಾ ಸಿಹಿ ಹೆಚ್ಚು ತಿಂದರೆ ಹೊಟ್ಟೆಯಲ್ಲಿ ಹುಳುವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಪತ್ತೆ ಮತ್ತು ಚಿಕಿತ್ಸೆ

ಮಲವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಮೊಟ್ಟೆಗಳನ್ನು ಗುರುತಿಸಲಾಗುತ್ತದೆ. ಮಾದರಿಯನ್ನು ತಡಮಾಡದೆ ಪರೀಕ್ಷಿಸಬೇಕು. ಬೆಚ್ಚಗಿನ ಜಾಗದಲ್ಲಿ ಒಂದು ದಿನ ಇಟ್ಟರೆ ಮೊಟ್ಟೆಯೊಡೆದು ಮರಿಗಳು ಹೊರಬಂದು, ಬೇರೆ ಹುಳುವಿನ ಮರಿಗಳೆಂದು ತಪ್ಪಾಗಿ ಭಾವಿಸುವ ಸಾಧ್ಯತೆಯಿದೆ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆಯಾಗಿರುವುದು ಮತ್ತು ಇಯೊಸಿನೊಫಿಲ್ ಕಣಗಳು ಹೆಚ್ಚಾಗಿರುವುದು ಕಂಡುಬರಬಹುದು.

ವಯಸ್ಕರಿಗೆ ಸಾಮಾನ್ಯವಾಗಿ 400 ಮಿ.ಗ್ರಾಂ. ಆಲ್ಬೆಂಡಜೋಲ್ ಮಾತ್ರೆಯನ್ನು ಒಂದು ಬಾರಿ ಕೊಡಲಾಗುತ್ತದೆ. ಗರ್ಭಧಾರಣೆಯ ಮೊದಲ ಮೂರು ತಿಂಗಳಲ್ಲಿ ಇದನ್ನು ಕೊಡುವುದಿಲ್ಲ. ಮಾತ್ರೆಯು ಹುಳುಗಳನ್ನು ಹೊರಹಾಕುತ್ತದೆಯೇ ಹೊರತು ಕಳೆದುಹೋದ ಕಬ್ಬಿಣಾಂಶವನ್ನು ತುಂಬಿಕೊಡುವುದಿಲ್ಲ. ಹೀಗಾಗಿ ರಕ್ತಹೀನತೆಯಿದ್ದವರಿಗೆ ವೈದ್ಯರ ಸಲಹೆಯಂತೆ ಕಬ್ಬಿಣಾಂಶದ ಮಾತ್ರೆಗಳೂ ಬೇಕಾಗುತ್ತವೆ. ಒಮ್ಮೆ ಸೋಂಕು ತಗುಲಿದರೂ ಶಾಶ್ವತ ನಿರೋಧಕತೆ ಬೆಳೆಯದ ಕಾರಣ, ಅದೇ ಮಣ್ಣಿನಲ್ಲಿ ಬರಿಗಾಲಿನಲ್ಲಿ ನಡೆದರೆ ಸೋಂಕು ಮರುಕಳಿಸುತ್ತದೆ.

ಇತಿಹಾಸ ಮತ್ತು ನಿಯಂತ್ರಣ

ಇಟಲಿಯ ವೈದ್ಯ ಆಂಜೆಲೊ ಡುಬಿನಿ 1838ರಲ್ಲಿ ಮಿಲಾನ್‌ನಲ್ಲಿ ಶವಪರೀಕ್ಷೆಯ ವೇಳೆ ಈ ಹುಳುವನ್ನು ಮೊದಲು ಗುರುತಿಸಿದನು. 1880ರ ಸುಮಾರಿಗೆ ಆಲ್ಪ್ಸ್ ಪರ್ವತದ ಸೇಂಟ್ ಗೊಥಾರ್ಡ್ ಸುರಂಗವನ್ನು ತೋಡುತ್ತಿದ್ದ ಕಾರ್ಮಿಕರಲ್ಲಿ ಕಾಣಿಸಿಕೊಂಡ ತೀವ್ರ ರಕ್ತಹೀನತೆಗೆ ಇದೇ ಕಾರಣವೆಂದು ತಿಳಿಯಿತು. ಕೈರೋದಲ್ಲಿದ್ದ ಆರ್ಥರ್ ಲೂಸ್ ಮರಿಗಳಿದ್ದ ದ್ರವ ಕೈಮೇಲೆ ಚೆಲ್ಲಿದಾಗ ತನಗೇ ಸೋಂಕು ತಗುಲಿದ್ದನ್ನು ಗಮನಿಸಿ, ಅವು ಚರ್ಮದ ಮೂಲಕ ಒಳಸೇರುತ್ತವೆ ಎಂಬುದನ್ನು ಕಂಡುಕೊಂಡನು. 1920ರ ದಶಕದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನವು ಮದ್ರಾಸ್ ಪ್ರಾಂತ್ಯದಲ್ಲಿ ಕೊಕ್ಕೆಹುಳು ನಿಯಂತ್ರಣ ಕಾರ್ಯವನ್ನು ಕೈಗೊಂಡಿತು.

ಭಾರತದಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಅಂಗನವಾಡಿ ಮತ್ತು ಶಾಲೆಗಳಲ್ಲಿ ಆಲ್ಬೆಂಡಜೋಲ್ ನೀಡಲಾಗುತ್ತಿದೆ. 1ರಿಂದ 2 ವರ್ಷದ ಮಕ್ಕಳಿಗೆ ಅರ್ಧ ಮಾತ್ರೆಯನ್ನು ಪುಡಿಮಾಡಿ ಕೊಡುತ್ತಾರೆ. ತೋಟ ಮತ್ತು ಗದ್ದೆಗಳಲ್ಲಿ ದುಡಿಯುವ ವಯಸ್ಕರು ಈ ಕಾರ್ಯಕ್ರಮದ ವ್ಯಾಪ್ತಿಗೆ ಬರುವುದಿಲ್ಲ. ಕೊಕ್ಕೆಹುಳು ವಯಸ್ಕರಲ್ಲಿಯೂ ಸಾಮಾನ್ಯವಾಗಿರುವುದರಿಂದ, ಮಕ್ಕಳಿಗಷ್ಟೇ ಔಷಧ ಕೊಟ್ಟರೆ ಮಣ್ಣಿಗೆ ಮೊಟ್ಟೆಗಳು ಸೇರುವುದು ನಿಲ್ಲುವುದಿಲ್ಲ. ಶೌಚಾಲಯದ ಬಳಕೆ, ಪಾದರಕ್ಷೆ ಮತ್ತು ರಕ್ತಹೀನತೆಯಿರುವ ಕೆಲಸಗಾರರ ಮಲಪರೀಕ್ಷೆ ಸೋಂಕು ಮರುಕಳಿಸದಂತೆ ತಡೆಯಲು ನೆರವಾಗುತ್ತವೆ.