ಅಜ್ಜನ ಊರು ಯಾವುದು?

‘ನಿಮ್ಮ ಮೂಲ ಊರು ಯಾವುದು?’ ಎಂಬ ಪ್ರಶ್ನೆ ಹೊರನಾಡಿನ ನಮಗೆ ಹೊಸದಲ್ಲ. ಅಮೆರಿಕದಲ್ಲಿ ನೆಲೆಸಿದ ಎಷ್ಟೋ ಮೆಕ್ಸಿಕನ್ ಕುಟುಂಬಗಳಿಗೆ ಅದೇ ದೊಡ್ಡ ಒಗಟು. 1910ರ ಕ್ರಾಂತಿಯ ಗಲಭೆಯಲ್ಲಿ ಗಡಿ ದಾಟಿದ ಅಜ್ಜನನ್ನು 1930ರ ಅಮೆರಿಕದ ಜನಗಣತಿಯಲ್ಲಿ ಹುಡುಕಿದರೆ, ಹುಟ್ಟಿದ ಸ್ಥಳದ ಕಾಲಮ್ಮಿನಲ್ಲಿ ಸಾಮಾನ್ಯವಾಗಿ ಸಿಗುವುದು ಒಂದೇ ಪದ: ಮೆಕ್ಸಿಕೊ. ಜನಾಂಗದ ಕಾಲಮ್ಮಿನಲ್ಲೂ ಅದೇ, ‘ಮೆಕ್ಸಿಕನ್’!

ದಾರಿ ತೋರಿಸುವುದು ಅದೇ ವರ್ಷ ಮೇ 15ರಂದು ಮೆಕ್ಸಿಕೊ ನಡೆಸಿದ ಗಣತಿ. ಅದರ ಹಾಳೆಗಳಲ್ಲಿ ರಾಜ್ಯ, ನಮ್ಮ ತಾಲ್ಲೂಕಿನಂಥ ‘ಮುನಿಸಿಪಿಯೊ’, ಅದರೊಳಗೆ ಕೆಲವೇ ಮನೆಗಳ ‘ರಾಂಚೊ’ಗಳವರೆಗೂ ಹೆಸರು ಉಂಟು. ಊರು ಬಿಡದೆ ಉಳಿದ ಅಜ್ಜನ ತಮ್ಮನೋ ತಂಗಿಯೋ ಅಲ್ಲಿ ಸಿಕ್ಕರೆ ಅರ್ಧ ಕೆಲಸ ಆದಂತೆ. ತಂದೆಯದೊಂದು, ತಾಯಿಯದೊಂದು ಎಂದು ಎರಡು ಅಡ್ಡಹೆಸರು ಇಟ್ಟುಕೊಳ್ಳುವ ಸ್ಪ್ಯಾನಿಷ್ ಪದ್ಧತಿ ಇಲ್ಲಿ ಬಹಳ ಉಪಕಾರಿ. ರಾಜಧಾನಿ ಪ್ರದೇಶದ ಹಾಳೆಗಳು ಮಾತ್ರ ಸಿಗುವುದಿಲ್ಲ.

ಇನ್ನೊಂದು ತೊಡಕಿದೆ. ಸ್ಯಾನ್ ಹೋಸೆ ಎಂಬ ಊರುಗಳು ಅಲ್ಲಿ ನಮ್ಮ ಹೊಸಹಳ್ಳಿಗಳಷ್ಟೇ ಹೇರಳ. ಕ್ರಾಂತಿಯ ಬಳಿಕ ಜಮೀನು ಹಂಚಿಕೆಯಾಗಿ ದೊಡ್ಡ ಜಮೀನುದಾರಿ ‘ಹಸಿಯೆಂಡಾ’ಗಳು ಒಡೆದವು, ಎಷ್ಟೋ ನೆಲೆಗಳ ಹೆಸರೂ ಬದಲಾಯಿತು. ಅಲ್ಲಿನ ಅಂಕಿಅಂಶ ಸಂಸ್ಥೆ ‘ಇನೆಗಿ’, 1900ರಿಂದೀಚೆಗಿನ ಗಣತಿಗಳಲ್ಲಿ ಒಂದೊಂದು ನೆಲೆಗೆ ಯಾವ ಹೆಸರಿತ್ತು, ಎಷ್ಟು ಜನರಿದ್ದರು ಎಂಬ ಪಟ್ಟಿ ಇಟ್ಟಿದೆ. ಮುನಿಸಿಪಿಯೊ ಖಚಿತವಾದರೆ ಮುಂದೆ ಅಲ್ಲಿನ ಚರ್ಚಿನ ದೀಕ್ಷಾಸ್ನಾನದ ಪುಸ್ತಕ. ಅದರಲ್ಲಿ ಅಜ್ಜನ ಅಪ್ಪ-ಅಮ್ಮ. ಅದೃಷ್ಟವಿದ್ದರೆ ಅವರ ಅಪ್ಪ-ಅಮ್ಮಂದಿರೂ ಸಿಕ್ಕಾರು.

ನಮ್ಮ 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಮನೆಯ ವಿವರ ಯಾರೂ ನೋಡುವಂತಿಲ್ಲ. ಹಾಗಾಗಿ ನಮಗಿನ್ನೂ ಮನೆದೇವರ ಊರೇ ಸುಳಿವು.